ಅಮೆರಿಕದ ಔಷಧ ಬೆಲೆ: ಏರಿದಷ್ಟೂ ಎಲ್ಲರಿಗೂ ಲಾಭ, ರೋಗಿಯನ್ನು ಬಿಟ್ಟು

2023ರ ಜನವರಿ ಕೊನೆಯಲ್ಲಿ ಆಮ್ಜೆನ್ ಕಂಪನಿ ಅಮೆರಿಕದ ಮಾರುಕಟ್ಟೆಗೆ ಆಮ್ಜೆವಿಟಾ ಎಂಬ ಇಂಜೆಕ್ಷನ್ ತಂದಿತು. ಕೀಲುವಾತ, ಸೋರಿಯಾಸಿಸ್, ಕರುಳಿನ ಉರಿಯೂತಕ್ಕೆ ಕೊಡುವ ಹ್ಯುಮಿರಾ ಎಂಬ ಹೆಸರಾಂತ ಔಷಧಕ್ಕೆ ಇದು ಪರ್ಯಾಯ. ವಿಚಿತ್ರ ಏನೆಂದರೆ, ಕಂಪನಿ ಒಂದೇ ಔಷಧಕ್ಕೆ ಎರಡು ಬೆಲೆ ಇಟ್ಟಿತ್ತು. ಒಂದು ಹ್ಯುಮಿರಾಗಿಂತ ಶೇ. 55 ಕಡಿಮೆ. ಇನ್ನೊಂದು ಬರೀ ಶೇ. 5 ಕಡಿಮೆ. ಒಳಗಿರುವ ಮದ್ದು ಒಂದೇ, ತಯಾರಕರೂ ಒಬ್ಬರೇ.

ಅರ್ಧ ಬೆಲೆಗೂ ಕಮ್ಮಿಗೆ ಅದೇ ಮಾಲು ಸಿಗುವಾಗ ದುಬಾರಿಯದ್ದನ್ನು ಯಾರು ಕೊಳ್ಳುತ್ತಾರೆ? ಕೊಳ್ಳುವವರು ಇದ್ದಾರೆ ಅಂತ ಗೊತ್ತಿದ್ದೇ ಕಂಪನಿ ಆ ಎರಡನೇ ಬೆಲೆ ಇಟ್ಟದ್ದು. ಅವರಿಗೆ ಅಗ್ಗದ ಮಾಲು ಬೇಡ. ದೊಡ್ಡ ಬೆಲೆ ಬೇಕು, ಆ ದೊಡ್ಡ ಬೆಲೆಯ ಮೇಲೆ ಹಿಂದಿನ ಬಾಗಿಲಿನಿಂದ ಬರುವ ದೊಡ್ಡ ರಿಯಾಯಿತಿ ಬೇಕು. ಅಮೆರಿಕದ ಔಷಧ ಬೆಲೆಯ ಗೋಜಲನ್ನು ಬಿಡಿಸಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಎಳೆ ಸಿಗಲಿಕ್ಕಿಲ್ಲ.

ಈ ವಿಷಯದಲ್ಲಿ ನಾವು ಸಾಮಾನ್ಯವಾಗಿ ಓದುವುದು ದುರಾಸೆಯ ಕಂಪನಿ ಮತ್ತು ಕೈಸೋತ ರೋಗಿಯ ಕಥೆ. ಕಥೆ ಸುಳ್ಳಲ್ಲ. ಆದರೆ ಅದೇ ಕಂಪನಿ ಅದೇ ಔಷಧವನ್ನು ಕೆನಡಾದಲ್ಲಿ, ಜರ್ಮನಿಯಲ್ಲಿ ಎಷ್ಟೋ ಕಮ್ಮಿಗೆ ಮಾರುತ್ತದೆ. ಅಲ್ಲೂ ಲಾಭ ಮಾಡುತ್ತದೆ. ಅಲ್ಲಿಗೆ ಹೋದಾಗ ಕಂಪನಿಯ ಆಸೆ ಕಮ್ಮಿ ಆಗುವುದಿಲ್ಲವಲ್ಲ! ಹಾಗಾಗಿ ನನಗೆ ಮುಖ್ಯ ಅನಿಸುವ ಪ್ರಶ್ನೆ ಬೇರೆ. ಬೆಲೆ ಏರಿದಾಗ ‘ಇಷ್ಟು ಕೊಡಲ್ಲ’ ಅಂತ ಹೇಳಬೇಕಾದವರು ಅಮೆರಿಕದಲ್ಲಿ ಯಾಕೆ ಹೇಳುವುದಿಲ್ಲ?

ಸಿಟ್ಟು ಯಾರ ಮೇಲೆ

2024ರ ಡಿಸೆಂಬರ್ 4ರ ಬೆಳಿಗ್ಗೆ ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ ಯುನೈಟೆಡ್‌ಹೆಲ್ತ್‌ಕೇರ್ ವಿಮಾ ಕಂಪನಿಯ ಮುಖ್ಯಸ್ಥ ಬ್ರಯಾನ್ ಥಾಂಪ್ಸನ್ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಸ್ಥಳದಲ್ಲಿ ಸಿಕ್ಕ ಗುಂಡಿನ ಕೋಶಗಳ ಮೇಲೆ ‘ವಿಳಂಬ’, ‘ನಿರಾಕರಣೆ’ ಎಂಬ ಅರ್ಥದ ಪದಗಳಿದ್ದವು. ವಿಮಾ ಕಂಪನಿಗಳು ಕ್ಲೇಮುಗಳನ್ನು ಸತಾಯಿಸುವ ರೀತಿಯ ಬಗ್ಗೆ ಅಲ್ಲಿನ ಜನ ಆಡಿಕೊಳ್ಳುವ ಪದಗಳು ಅವು. ಕೊಲೆಗೆ ಯಾವ ಸಮರ್ಥನೆಯೂ ಇಲ್ಲ. ಎರಡು ಮಕ್ಕಳ ತಂದೆ ಆತ. ಆದರೆ ಆಮೇಲೆ ನಡೆದದ್ದು ದೇಶವನ್ನೇ ದಂಗುಬಡಿಸಿತು. ಸಾವಿರಾರು ಜನ ಸಂತಾಪ ಹೇಳುವ ಬದಲು ತಮ್ಮ ತಮ್ಮ ಬಿಲ್ಲುಗಳ ಕಥೆ ಹೇಳತೊಡಗಿದರು. ತಾಯಿಯ ಕ್ಯಾನ್ಸರ್ ಸ್ಕ್ಯಾನ್‌ಗೆ ಒಪ್ಪಿಗೆ ಸಿಗಲಿಲ್ಲ, ಮಗುವಿನ ಔಷಧ ಪಟ್ಟಿಯಿಂದ ಹೋಯಿತು, ಇಂಥವೇ.

ಅಮೆರಿಕ 2023ರಲ್ಲಿ ಆರೋಗ್ಯಕ್ಕೆ ಖರ್ಚು ಮಾಡಿದ್ದು 4.9 ಲಕ್ಷ ಕೋಟಿ ಡಾಲರ್. ದೇಶದ ಒಟ್ಟು ಉತ್ಪನ್ನದ ಶೇ. 17.6. ಇದರಲ್ಲಿ ಔಷಧದಂಗಡಿಯಲ್ಲಿ ಕೊಳ್ಳುವ, ವೈದ್ಯರ ಚೀಟಿ ಬೇಕಾದ ಔಷಧಗಳ ಪಾಲು ಸುಮಾರು ಶೇ. 9 ಮಾತ್ರ. ಆಸ್ಪತ್ರೆಗಳ ಪಾಲು ಇದರ ಮೂರು ಪಟ್ಟು. ಆದರೂ ಸಿಟ್ಟಿನ ದೊಡ್ಡ ಭಾಗ ಔಷಧದ ಮೇಲೇ. ಕಾರಣ ಸರಳ. ಆಸ್ಪತ್ರೆ ಬಿಲ್ಲು ಯಾವಾಗಲೋ ಒಮ್ಮೆ ಬರುತ್ತದೆ, ಅದೂ ಚಿಕಿತ್ಸೆ ಮುಗಿದ ಮೇಲೆ. ಮಾತ್ರೆಯ ಬೆಲೆ ಹಾಗಲ್ಲ. ತಿಂಗಳು ತಿಂಗಳು ಕೌಂಟರ್ ಮುಂದೆ ನಿಂತು, ಕಾರ್ಡು ಕೈಯಲ್ಲಿ ಹಿಡಿದು, ಕೊಡಬೇಕೋ ಬಿಡಬೇಕೋ ಅಂತ ಅಲ್ಲೇ ತೀರ್ಮಾನಿಸಬೇಕು. ಕೆಎಫ್ಎಫ್ ಎಂಬ ಆರೋಗ್ಯ ಸಂಶೋಧನಾ ಸಂಸ್ಥೆಯ ಸಮೀಕ್ಷೆಗಳ ಪ್ರಕಾರ ಹತ್ತರಲ್ಲಿ ಸುಮಾರು ಮೂವರು ವಯಸ್ಕರು ದುಡ್ಡಿನ ಕಾರಣಕ್ಕೆ ಔಷಧವನ್ನು ಹೇಳಿದಂತೆ ತೆಗೆದುಕೊಂಡಿಲ್ಲ. ಚೀಟಿ ತಗೊಂಡು ಅಂಗಡಿಗೆ ಹೋಗದವರು, ಮಾತ್ರೆ ಅರ್ಧ ಮಾಡಿಕೊಂಡವರು, ದಿನ ಬಿಟ್ಟು ದಿನ ನುಂಗಿದವರು.

ಇಂಥ ಸಿಟ್ಟಿಗೆ ಒಬ್ಬ ಖಳನಾಯಕ ಸಿಕ್ಕರೆ ಸಮಾಧಾನ. 2015ರಲ್ಲಿ ಸಿಕ್ಕಿದ್ದ. ಟ್ಯೂರಿಂಗ್ ಎಂಬ ಚಿಕ್ಕ ಕಂಪನಿಯ ಮಾರ್ಟಿನ್ ಶ್ಕ್ರೆಲಿ ಡಾರಾಪ್ರಿಮ್ ಎಂಬ ಹಳೇ ಮಾತ್ರೆಯ ಹಕ್ಕು ಕೊಂಡು, 13.50 ಡಾಲರ್ ಇದ್ದ ಬೆಲೆಯನ್ನು 750ಕ್ಕೆ ಏರಿಸಿದ. ಇಡೀ ದೇಶ ಉಗಿಯಿತು. ಮುಂದೆ ಜೈಲಿಗೂ ಹೋದ. ಆದರೆ ಹೋದದ್ದು ಹೂಡಿಕೆದಾರರಿಗೆ ಮೋಸ ಮಾಡಿದ್ದಕ್ಕೆ. ಬೆಲೆ ಏರಿಸಿದ್ದು ಅಲ್ಲಿ ಅಪರಾಧವೇ ಅಲ್ಲ. ಪ್ರತಿಸ್ಪರ್ಧಿಗಳ ಜೆನೆರಿಕ್, ಅಂದರೆ ಅದೇ ಮದ್ದಿನ ಅಗ್ಗದ ಪ್ರತಿ, ಬರದಂತೆ ತಡೆದನೆಂಬ ಬೇರೊಂದು ಕೇಸಿನಲ್ಲಿ 2022ರಲ್ಲಿ ನ್ಯಾಯಾಲಯ ಅವನನ್ನು ಔಷಧ ಉದ್ಯಮದಿಂದಲೇ ಜೀವನಪರ್ಯಂತ ಹೊರಗಿಟ್ಟಿತು. ಶ್ಕ್ರೆಲಿ ನಕ್ಕದ್ದು, ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಸೊಕ್ಕಿನಿಂದ ಕೂತದ್ದು ಎಲ್ಲರಿಗೂ ನೆನಪಿದೆ. ಅವನ ಪಕ್ಕದಲ್ಲೇ ಗಂಭೀರವಾಗಿ, ಟೈ ಕಟ್ಟಿಕೊಂಡು, ವರ್ಷಕ್ಕೆ ಎರಡು ಸಲ ಶೇ. 9ರಷ್ಟು ಬೆಲೆ ಏರಿಸುತ್ತಿದ್ದವರು ಯಾರಿಗೂ ಕಾಣಲಿಲ್ಲ.

ಮಧ್ಯದಲ್ಲಿ ನಿಂತವರು

ಅಮೆರಿಕದಲ್ಲಿ ಸುಮಾರು 15 ಕೋಟಿ ಜನರಿಗೆ ಕೆಲಸದ ಕಡೆಯಿಂದ ವಿಮೆ ಸಿಗುತ್ತದೆ. ಇದು ಯಾರೋ ಕೂತು ಯೋಚಿಸಿ ಮಾಡಿದ ವ್ಯವಸ್ಥೆ ಅಲ್ಲ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಸರ್ಕಾರ ಸಂಬಳಕ್ಕೆ ಮಿತಿ ಹಾಕಿತು. ಕೆಲಸಗಾರರನ್ನು ಸೆಳೆಯಲು ಕಂಪನಿಗಳು ವಿಮೆಯ ಆಸೆ ತೋರಿಸಿದವು. ಆಮೇಲೆ ಅದಕ್ಕೆ ತೆರಿಗೆ ವಿನಾಯಿತಿ ಸಿಕ್ಕಿತು, ಹಾಗೇ ಗಟ್ಟಿಯಾಯಿತು. 65 ದಾಟಿದವರಿಗೆ 1965ರಲ್ಲಿ ಮೆಡಿಕೇರ್ ಬಂತು, ಬಡವರಿಗೆ ಮೆಡಿಕೇಡ್. ಹೀಗೆ ಕೊಳ್ಳುವವರು ಸಾವಿರ ತುಂಡಾಗಿ ಹಂಚಿಹೋದರು.

ಈ ಸಾವಿರ ತುಂಡುಗಳ ಪರವಾಗಿ ಔಷಧ ಕಂಪನಿಗಳ ಜೊತೆ ಚೌಕಾಶಿ ಮಾಡಲು ಬಂದವರು ಪಿಬಿಎಂಗಳು. ವಿಮಾ ಕಂಪನಿಗಳ ಪರವಾಗಿ ಔಷಧದ ವ್ಯವಹಾರ ನೋಡಿಕೊಳ್ಳುವ ದಲ್ಲಾಳಿ ಸಂಸ್ಥೆಗಳು ಅಂದುಕೊಳ್ಳಿ. ಯಾವ ಔಷಧಕ್ಕೆ ವಿಮೆ ಸಿಗುತ್ತದೆ, ಯಾವುದಕ್ಕೆ ಇಲ್ಲ ಎಂಬ ಪಟ್ಟಿ ಇವರ ಕೈಯಲ್ಲಿ. ಪಟ್ಟಿಯಲ್ಲಿ ಒಳ್ಳೇ ಜಾಗ ಬೇಕಿದ್ದರೆ ಔಷಧ ಕಂಪನಿ ರಿಬೇಟ್ ಕೊಡಬೇಕು, ಅಂದರೆ ಮಾರಿದ ಮೇಲೆ ಬೆಲೆಯ ಒಂದು ಪಾಲನ್ನು ಹಿಂದಕ್ಕೆ ಕೊಡಬೇಕು. ಸಿವಿಎಸ್ ಕೇರ್‌ಮಾರ್ಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್, ಆಪ್ಟಮ್ ಆರ್‌ಎಕ್ಸ್ ಈ ಮೂವರೇ ದೇಶದ ಸುಮಾರು ಶೇ. 80ರಷ್ಟು ಔಷಧ ಚೀಟಿಗಳನ್ನು ನಿಭಾಯಿಸುತ್ತಾರೆ. ಮೂವರಿಗೂ ಸ್ವಂತ ವಿಮಾ ಕಂಪನಿಯ ಮನೆತನ ಇದೆ: ಏಟ್ನಾ, ಸಿಗ್ನಾ, ಯುನೈಟೆಡ್‌ಹೆಲ್ತ್. ಮೂವರಿಗೂ ಸ್ವಂತ ಔಷಧದಂಗಡಿಗಳೂ ಇವೆ.

ಚೌಕಾಶಿ ಮಾಡಲೆಂದೇ ಇಟ್ಟುಕೊಂಡವರು ಬೆಲೆ ಇಳಿಸಬೇಕು ತಾನೇ? ಇಲ್ಲೇ ಬೇಲಿಯೇ ಎದ್ದು ಹೊಲ ಮೇಯ್ದದ್ದು. ರಿಬೇಟ್ ಅನ್ನು ಲೆಕ್ಕ ಹಾಕುವುದು ಘೋಷಿತ ಬೆಲೆಯ (ಯಾವ ರಿಯಾಯಿತಿಯೂ ಕಳೆಯದ ಬೆಲೆ) ಶೇಕಡಾವಾರಿನಲ್ಲಿ. 100 ಡಾಲರ್ ಔಷಧಕ್ಕೆ ಶೇ. 10 ರಿಬೇಟ್ ಕೊಡುವ ಕಂಪನಿಗಿಂತ, 400 ಡಾಲರ್ ಔಷಧಕ್ಕೆ ಶೇ. 60 ಕೊಡುವ ಕಂಪನಿ ಮಧ್ಯವರ್ತಿಗೆ ಹೆಚ್ಚು ಇಷ್ಟ. ಮೊದಲನೆಯದರಲ್ಲಿ ಹಿಂದೆ ಬರುವುದು 10 ಡಾಲರ್, ಎರಡನೆಯದರಲ್ಲಿ 240. ರಿಬೇಟಿನ ಬಹುಪಾಲನ್ನು ವಿಮೆಯ ಮಾಲೀಕರಿಗೆ ದಾಟಿಸುತ್ತೇವೆ ಅಂತ ಪಿಬಿಎಂಗಳು ಹೇಳುತ್ತವೆ. ಒಪ್ಪೋಣ. ಆದರೂ ಅವರು ಕಂಪನಿಗಳಿಂದ ಪಡೆಯುವ ಹಲವು ಶುಲ್ಕಗಳೂ ಅದೇ ಘೋಷಿತ ಬೆಲೆಯ ಶೇಕಡಾವಾರೇ.

ರೋಗಿಯ ಕಡೆಯಿಂದ ಇದನ್ನು ನೋಡಿ. ಜನವರಿ ತಿಂಗಳು. ಹೊಸ ವರ್ಷ ಅಂದರೆ ಡಿಡಕ್ಟಿಬಲ್ ಮತ್ತೆ ಸೊನ್ನೆಯಿಂದ ಶುರು. ಅಂದರೆ ವರ್ಷದ ಮೊದಲ ಇಷ್ಟು ಸಾವಿರ ಡಾಲರ್ ನೀವೇ ಕೊಡಿ, ಆಮೇಲೆ ನಾವು ಬರುತ್ತೇವೆ ಅನ್ನುವ ವಿಮೆಯ ಷರತ್ತು. ಔಷಧದ ಘೋಷಿತ ಬೆಲೆ 400 ಅಂದುಕೊಳ್ಳಿ. ರಿಬೇಟ್ ಕಳೆದರೆ ವಿಮಾ ಕಂಪನಿಗೆ ಅದು ಬೀಳುವುದು 160ಕ್ಕೆ. ಆದರೆ ಕೌಂಟರ್‌ನಲ್ಲಿ ನಿಂತ ಮನುಷ್ಯನಿಗೆ ಬಿಲ್ಲು 400ಕ್ಕೆ. ಡಿಡಕ್ಟಿಬಲ್ ಮುಗಿದ ಮೇಲೆ ಶೇ. 25 ನಿಮ್ಮ ಪಾಲು ಎಂದಿದ್ದರೆ, ಅದೂ 400ರ ಮೇಲಿನ ಶೇ. 25. ಅವನು 100 ಕೊಡುತ್ತಾನೆ, ಕಂಪನಿಗೆ ಉಳಿಯುವ ಹೊರೆ ಬರೀ 60. ವಿಮೆ ಮಾಡಿಸಿದವನೇ ವಿಮೆಗಿಂತ ಜಾಸ್ತಿ ಕೊಟ್ಟ! ಔಷಧ ಹೆಚ್ಚು ತಗೊಳ್ಳುವವರು ಕಾಯಿಲೆ ಹೆಚ್ಚಿರುವವರು. ಅವರ ಔಷಧದ ರಿಬೇಟ್ ದುಡ್ಡಿನಿಂದ ಎಲ್ಲರ ಪ್ರೀಮಿಯಂ ಸ್ವಲ್ಪ ಇಳಿಯುತ್ತದೆ. ಆರೋಗ್ಯವಂತರು ಕಾಯಿಲೆಯವರನ್ನು ಪೊರೆಯಲಿ ಅಂತ ಹುಟ್ಟಿದ ವಿಮೆ ಇಲ್ಲಿ ತಲೆಕೆಳಗಾಗಿದೆ.

ಇನ್ನೊಂದು ಸಂಗತಿ ನಂಬಲಿಕ್ಕೇ ಕಷ್ಟ. ಕೆಲವು ಔಷಧಗಳನ್ನು ವಿಮೆ ಬಳಸದೆ ನೇರ ದುಡ್ಡು ಕೊಟ್ಟು ಕೊಂಡರೆ ಅಗ್ಗ. ಆದರೆ ಇದನ್ನು ಗಿರಾಕಿಗೆ ಹೇಳಬಾರದು ಅಂತ ಔಷಧದಂಗಡಿಗಳ ಒಪ್ಪಂದಗಳಲ್ಲಿ ಷರತ್ತು ಇರುತ್ತಿತ್ತು. ಫಾರ್ಮಸಿಸ್ಟ್‌ಗೆ ಗೊತ್ತು, ಆದರೆ ಬಾಯಿ ಬಿಡುವಂತಿಲ್ಲ. ಈ ಬಾಯಿಕಟ್ಟನ್ನು ಬಿಚ್ಚಲು 2018ರಲ್ಲಿ ಎರಡು ಕಾನೂನುಗಳೇ ಬೇಕಾದವು.

ಶೇಕಡಾವಾರಿನ ಈ ಕಾಯಿಲೆ ಪಿಬಿಎಂ ಒಂದಕ್ಕೇ ಅಂಟಿದ್ದಲ್ಲ. ಸಗಟು ವ್ಯಾಪಾರಿಯ ಶುಲ್ಕವೂ ಘೋಷಿತ ಬೆಲೆಯ ಇಷ್ಟು ಪಾಲು ಎಂದೇ. ಕ್ಲಿನಿಕ್‌ನಲ್ಲಿ ಡ್ರಿಪ್ ಮೂಲಕ ಕೊಡುವ ಕ್ಯಾನ್ಸರ್ ಔಷಧಕ್ಕೆ ಮೆಡಿಕೇರ್ ವೈದ್ಯರಿಗೆ ಕೊಡುವುದು ಸರಾಸರಿ ಮಾರಾಟ ಬೆಲೆಯ ಮೇಲೆ ಶೇ. 6. ಸಾವಿರ ಡಾಲರ್ ಔಷಧಕ್ಕೆ 60, ಹತ್ತು ಸಾವಿರದ್ದಕ್ಕೆ 600. ವೈದ್ಯರೆಲ್ಲ ಇದಕ್ಕಾಗಿಯೇ ದುಬಾರಿ ಮದ್ದು ಬರೆಯುತ್ತಾರೆ ಅನ್ನುವುದು ಅನ್ಯಾಯದ ಮಾತು. ಆದರೆ ಅಗ್ಗದ್ದು ಬರೆದವರಿಗೆ ಕಮ್ಮಿ ಸಿಗುವಂಥ ನಿಯಮ ಮಾಡಿಟ್ಟು, ಒಳ್ಳೇತನದ ಮೇಲೆ ಭರವಸೆ ಇಡುವುದು ಯಾವ ಜಾಣತನ?

ವಿಮಾ ಕಂಪನಿಗಳ ಕಥೆಯೂ ಹೀಗೇ. 2010ರ ಆರೋಗ್ಯ ಕಾನೂನು ಅವರಿಗೆ ಒಂದು ಕಟ್ಟು ಹಾಕಿತು. ಪ್ರೀಮಿಯಂನಲ್ಲಿ ಕನಿಷ್ಠ ಶೇ. 80, ದೊಡ್ಡ ಗುಂಪು ವಿಮೆಯಾದರೆ ಶೇ. 85, ಚಿಕಿತ್ಸೆಗೇ ಹೋಗಬೇಕು. ಒಳ್ಳೆಯ ಉದ್ದೇಶ. ಆದರೆ ಉಳಿದ ಶೇ. 15 ಅಥವಾ 20ರಲ್ಲೇ ಆಡಳಿತ ಖರ್ಚು, ಲಾಭ ಎರಡೂ ಬರಬೇಕಲ್ಲ. ಆ ಪಾಲು ಬೆಳೆಯಬೇಕಿದ್ದರೆ ಒಟ್ಟು ಖರ್ಚು ಬೆಳೆಯಬೇಕು. ಅದಕ್ಕಿಂತ ಸುಲಭದ ದಾರಿಯೂ ಇದೆ. ಔಷಧದಂಗಡಿ ನಿಮ್ಮದೇ, ಪಿಬಿಎಂ ನಿಮ್ಮದೇ, ಕ್ಲಿನಿಕ್ ನಿಮ್ಮದೇ ಆದರೆ, ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿದ ದುಡ್ಡೂ ‘ಚಿಕಿತ್ಸೆ ಖರ್ಚು’ ಎಂದೇ ಲೆಕ್ಕಕ್ಕೆ ಬರುತ್ತದೆ. ವ್ಯಾಪಾರ ಆಯೋಗ ಎಫ್‌ಟಿಸಿ 2025ರ ಜನವರಿಯ ವರದಿಯಲ್ಲಿ ಹೇಳಿದ್ದು: ಈ ಮೂರು ಪಿಬಿಎಂಗಳಿಗೆ ಸೇರಿದ ಅಂಗಡಿಗಳು 2017ರಿಂದ 2022ರವರೆಗೆ ಕೆಲವೇ ವಿಶೇಷ ಜೆನೆರಿಕ್ ಔಷಧಗಳ ಮೇಲೆ, ಕೊಂಡ ಬೆಲೆಯ ಅಂದಾಜಿಗಿಂತ 730 ಕೋಟಿ ಡಾಲರ್ ಹೆಚ್ಚಿಗೆ ಪಡೆದಿವೆ.

ಇನ್ಸುಲಿನ್ ಬೆಲೆ ಇಳಿದದ್ದು ಹೇಗೆ

ಇನ್ಸುಲಿನ್ ಕಥೆ ಎಲ್ಲರಿಗೂ ಅರ್ಧ ಗೊತ್ತು. ಟೊರಾಂಟೊದಲ್ಲಿ ಅದನ್ನು ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಸಂಗಡಿಗರು ಪೇಟೆಂಟನ್ನು ತಲಾ ಒಂದು ಡಾಲರ್‌ಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಅದು 1923. ಮುಂದೆ ಹೊಸ ಬಗೆಯ ಇನ್ಸುಲಿನ್ ಬಂದವು. ಎಲಿ ಲಿಲ್ಲಿಯ ಹ್ಯುಮಲಾಗ್ 1996ರಲ್ಲಿ ಮಾರುಕಟ್ಟೆಗೆ ಬಂದಾಗ ಒಂದು ಬಾಟಲಿಗೆ 21 ಡಾಲರ್. ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಅದೇ ಬಾಟಲಿ ಸುಮಾರು 275 ಆಯಿತು. 2019ರಲ್ಲಿ ಸೆನೆಟರ್ ಬರ್ನಿ ಸ್ಯಾಂಡರ್ಸ್ ಡಯಾಬಿಟಿಸ್ ರೋಗಿಗಳ ಜೊತೆ ಬಸ್ಸು ಹತ್ತಿ, ಡೆಟ್ರಾಯಿಟ್‌ನಿಂದ ಗಡಿ ದಾಟಿ ಕೆನಡಾದ ವಿಂಡ್ಸರ್‌ಗೆ ಹೋಗಿ ಹತ್ತನೇ ಒಂದು ಪಾಲು ಬೆಲೆಗೆ ಇನ್ಸುಲಿನ್ ಕೊಡಿಸಿ ತಂದರು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ, ವರ್ಷದಲ್ಲಿ ಸುಮಾರು 13 ಲಕ್ಷ ವಯಸ್ಕರು ಇನ್ಸುಲಿನ್ ಅನ್ನು ಉಳಿಸಿ ಉಳಿಸಿ ಬಳಸಿದ್ದಾರೆ ಎಂದಿತು. ಇನ್ಸುಲಿನ್ ಉಳಿಸಿ ಬಳಸುವುದು ಅಂದರೆ ಪ್ರಾಣದ ಜೊತೆ ಆಟ.

ಗೊತ್ತಿಲ್ಲದ ಅರ್ಧ ಇನ್ನೂ ಸ್ವಾರಸ್ಯ. ಬೆಲೆ ಹೀಗೆ ಏರುತ್ತಿದ್ದಾಗ ಕಂಪನಿಗಳ ಕೈಗೆ ನಿಜವಾಗಿ ಸಿಗುವ ಮೊತ್ತ ಕೆಲವು ಕಡೆ ಇಳಿಯುತ್ತಿತ್ತು. ಸೆನೆಟ್ ಹಣಕಾಸು ಸಮಿತಿ ಕಂಪನಿಗಳ ಒಳ ದಾಖಲೆಗಳನ್ನು ತರಿಸಿ ನೋಡಿ 2021ರಲ್ಲಿ ವರದಿ ಕೊಟ್ಟಿತು. ಇನ್ಸುಲಿನ್ ಮಾರುವ ಸನೋಫಿ ಕಂಪನಿ 2013ರಲ್ಲಿ ಒಂದು ದೊಡ್ಡ ಪಿಬಿಎಂಗೆ ಪಟ್ಟಿಯಲ್ಲಿನ ಜಾಗಕ್ಕಾಗಿ ಕೊಡುತ್ತಿದ್ದ ರಿಬೇಟ್ ಶೇ. 2ರಿಂದ 4. ಐದು ವರ್ಷಗಳಲ್ಲಿ ಅದು ಶೇ. 56ರವರೆಗೆ ಹೋಗಿತ್ತು. ರಿಬೇಟ್ ಕೊಡಲು ಬೆಲೆ ಏರಿಸು, ಬೆಲೆ ಏರಿದ್ದಕ್ಕೆ ಇನ್ನಷ್ಟು ರಿಬೇಟ್ ಕೇಳು. ಬೆಲೆ ಇಳಿಸಿದರೆ ಪಟ್ಟಿಯಿಂದಲೇ ಹೊರಬೀಳುವ ಭಯ.

ಹಾಗಿದ್ದರೆ 2023ರ ಮಾರ್ಚಿನಲ್ಲಿ ಎಲಿ ಲಿಲ್ಲಿ ಇದ್ದಕ್ಕಿದ್ದಂತೆ ಹ್ಯುಮಲಾಗ್ ಬೆಲೆಯನ್ನು ಶೇ. 70 ಇಳಿಸಿದ್ದು ಯಾಕೆ? ಎರಡೇ ವಾರದಲ್ಲಿ ನೊವೊ ನಾರ್ಡಿಸ್ಕ್ ಮತ್ತು ಸನೋಫಿ ಹಿಂಬಾಲಿಸಿದ್ದು ಯಾಕೆ? ಜನರ ಕೂಗಿಗೆ ಮಣಿದರು ಅಂತ ಪತ್ರಿಕೆಗಳು ಬರೆದವು. ಕೂಗಿನ ಪಾತ್ರ ಇಲ್ಲ ಅಂತಲ್ಲ. ಆಗಿನ ಅಧ್ಯಕ್ಷ ಬೈಡನ್ ಕೂಡ ಒತ್ತಾಯಿಸಿದ್ದರು. ಆದರೆ ಕೂಗು ಶುರುವಾಗಿ ಎಷ್ಟೋ ವರ್ಷಗಳಾಗಿದ್ದವು. ಹೊಸದಾಗಿ ಬಂದದ್ದು ಒಂದು ಒಣ ಲೆಕ್ಕ.

ಬಡವರ ವಿಮೆ ಮೆಡಿಕೇಡ್‌ಗೆ ಔಷಧ ಕಂಪನಿಗಳು ಕಾನೂನು ಪ್ರಕಾರ ರಿಬೇಟ್ ಕೊಡಬೇಕು. ಹಣದುಬ್ಬರಕ್ಕಿಂತ ಜೋರಾಗಿ ಬೆಲೆ ಏರಿಸಿದ್ದರೆ ದಂಡದಂತೆ ಇನ್ನೂ ಜಾಸ್ತಿ. ಆದರೆ ಒಟ್ಟು ರಿಬೇಟ್ ಔಷಧದ ಬೆಲೆಯನ್ನು ಮೀರುವಂತಿಲ್ಲ ಎಂಬ ಮಿತಿ ಇತ್ತು. ಹಾಗಾಗಿ ಅತಿ ಕೆಟ್ಟ ಸ್ಥಿತಿಯಲ್ಲೂ ಕಂಪನಿ ಪುಕ್ಕಟೆ ಕೊಟ್ಟಂತೆ ಆಗುತ್ತಿತ್ತೇ ಹೊರತು ಕೈಯಿಂದ ಕಳೆದುಕೊಳ್ಳುತ್ತಿರಲಿಲ್ಲ. 2021ರ ಒಂದು ಕಾನೂನು ಈ ಮಿತಿಯನ್ನು 2024ರ ಜನವರಿ 1ರಿಂದ ತೆಗೆದುಹಾಕಿತು. ಅಲ್ಲಿಂದ ಮುಂದೆ, ವರ್ಷಗಟ್ಟಲೆ ಬೆಲೆ ಏರಿಸಿದ್ದ ಇನ್ಸುಲಿನ್‌ನ ಪ್ರತಿ ಬಾಟಲಿ ಮೆಡಿಕೇಡ್‌ಗೆ ಮಾರಿದಾಗಲೂ ಕಂಪನಿಯೇ ಸರ್ಕಾರಕ್ಕೆ ದುಡ್ಡು ಕಟ್ಟಬೇಕು. ಬೆಲೆ ಇಳಿಸುವುದೇ ಲಾಭ. ಮೂರೂ ಕಂಪನಿಗಳ ದೊಡ್ಡ ಇಳಿಕೆ ಜಾರಿಯಾದ ದಿನಾಂಕಗಳನ್ನು ನೋಡಿ: ಲಿಲ್ಲಿಯದ್ದು 2023ರ ಕೊನೆಯ ತ್ರೈಮಾಸಿಕ, ಉಳಿದಿಬ್ಬರದ್ದು ಸರಿಯಾಗಿ 2024ರ ಜನವರಿ 1.

ಈ ಘಟನೆ ನನಗೆ ಎಲ್ಲ ಭಾಷಣಗಳಿಗಿಂತ ಹೆಚ್ಚು ಕಲಿಸುತ್ತದೆ. ಹಾಗಂತ ನಿಯಮ ಬದಲಾದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಅದೇ ನಿಯಮದ ಹೊಡೆತ ತಪ್ಪಿಸಿಕೊಳ್ಳಲು ಸಾಧ್ಯವಿದ್ದ ಹೊತ್ತಿಗೇ ಜಿಎಸ್‌ಕೆ ಕಂಪನಿ ಮಕ್ಕಳ ಅಸ್ತಮಾಕ್ಕೆ ತುಂಬ ಬಳಸುವ ಫ್ಲೋವೆಂಟ್ ಇನ್‌ಹೇಲರನ್ನು ನಿಲ್ಲಿಸಿ, ಅದೇ ಔಷಧವನ್ನು ಜೆನೆರಿಕ್ ಹೆಸರಲ್ಲಿ ಬೇರೆ ಕಂಪನಿ ಮೂಲಕ ಮಾರತೊಡಗಿತು. ಹೊಸದರ ಬೆಲೆ ಕಮ್ಮಿ. ಆದರೆ ಎಷ್ಟೋ ವಿಮೆಗಳ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಇನ್‌ಹೇಲರ್ ಬದಲಾಯಿಸಲು ಮಕ್ಕಳ ವೈದ್ಯರು ಚೀಟಿ ಮೇಲೆ ಚೀಟಿ ಬರೆದು ಒಪ್ಪಿಗೆಗೆ ಕಾದರು.

ಪೇಟೆಂಟು ಮತ್ತು ಸಂಶೋಧನೆಯ ಮಾತು

ಕಂಪನಿಗಳ ವಾದವನ್ನೂ ಕೇಳಬೇಕು. ಹೊಸ ಔಷಧ ಸುಲಭದಲ್ಲಿ ಸಿಗುವುದಿಲ್ಲ. ಮನುಷ್ಯರ ಮೇಲೆ ಪ್ರಯೋಗಕ್ಕೆ ಇಳಿದ ಹತ್ತರಲ್ಲಿ ಒಂಬತ್ತು ಸೋಲುತ್ತವೆ. ಒಂದು ಔಷಧಕ್ಕೆ ತಗಲುವ ಖರ್ಚು ಎಷ್ಟು ಅನ್ನುವುದರಲ್ಲಿ ಜಗಳ ಇದೆ. ಒಂದು ಲೆಕ್ಕ 260 ಕೋಟಿ ಡಾಲರ್ ಅಂದರೆ, 2020ರ ಇನ್ನೊಂದು ಲೆಕ್ಕ ಸುಮಾರು 100 ಕೋಟಿ ಅನ್ನುತ್ತದೆ. ಕಮ್ಮಿಯದ್ದನ್ನೇ ಹಿಡಿದರೂ ಸಣ್ಣ ಮೊತ್ತವಲ್ಲ. ಗೆದ್ದದ್ದರಿಂದ ಸೋತದ್ದರ ಖರ್ಚು ಬರಬೇಕು, ನಿಜ.

ಆದರೆ ಬೆಲೆ ನಿಗದಿಯಾಗುವುದು ಆ ಖರ್ಚಿನಿಂದ ಅಲ್ಲ. ಗಿಲಿಯಡ್ ಕಂಪನಿಯ ಸೊವಾಲ್ಡಿ 2013ರ ಕೊನೆಗೆ ಬಂತು. ಹೆಪಟೈಟಿಸ್ ಸಿ ಕಾಯಿಲೆಯನ್ನು ಪೂರ್ತಿ ಗುಣ ಮಾಡುವ, ನಿಜಕ್ಕೂ ದೊಡ್ಡ ಔಷಧ. 12 ವಾರಕ್ಕೆ 84,000 ಡಾಲರ್. ಒಂದು ಮಾತ್ರೆಗೆ ಸಾವಿರ. ಸೆನೆಟ್ ಸಮಿತಿ ಒಂದೂವರೆ ವರ್ಷ ದಾಖಲೆ ಕೆದಕಿ ಹೇಳಿದ್ದು ಇಷ್ಟು: ಕಂಪನಿ ನೋಡಿದ್ದು ಎಷ್ಟು ಬೆಲೆ ಇಟ್ಟರೆ ಅತಿ ಹೆಚ್ಚು ವರಮಾನ ಬರುತ್ತದೆ ಎಂದು. ಅಷ್ಟು ಬೆಲೆಗೆ ಎಷ್ಟೋ ರಾಜ್ಯಗಳು ಯಕೃತ್ತು ಸಾಕಷ್ಟು ಹಾಳಾಗುವವರೆಗೆ ಬಡ ರೋಗಿಗಳಿಗೆ ಔಷಧ ಕೊಡದೆ ಕಾಯಿಸಿದವು. ಅದೇ ಚಿಕಿತ್ಸೆ ಈಜಿಪ್ಟ್‌ನಲ್ಲಿ 900 ಡಾಲರ್‌ಗೆ ಸಿಗುತ್ತಿತ್ತು. ಇನ್ನು ಮೂಲ ಸಂಶೋಧನೆಯ ವಿಷಯ. 2010ರಿಂದ 2016ರವರೆಗೆ ಒಪ್ಪಿಗೆ ಪಡೆದ 210 ಹೊಸ ಔಷಧಗಳಲ್ಲಿ ಪ್ರತಿಯೊಂದರ ಹಿಂದೆಯೂ ಸರ್ಕಾರಿ ಸಂಸ್ಥೆ ಎನ್‌ಐಎಚ್ ಹಣ ಹಾಕಿದ ಸಂಶೋಧನೆ ಇತ್ತು. ತೆರಿಗೆಯಲ್ಲಿ ಒಮ್ಮೆ, ಕೌಂಟರ್‌ನಲ್ಲಿ ಇನ್ನೊಮ್ಮೆ ಕೊಡಬೇಕೇ ಅಂತ ಅಮೆರಿಕನ್ನರು ಕೇಳುವುದು ಇದಕ್ಕೇ.

ಸಂಶೋಧನೆಗೆ ಫಲ ಸಿಗಲಿ ಅಂತ ಪೇಟೆಂಟ್ ಕೊಟ್ಟರು. ಅವಧಿ ಮುಗಿದ ಮೇಲೆ ಯಾರಾದರೂ ಮಾಡಲಿ ಅನ್ನುವುದು ಒಪ್ಪಂದ. ಹ್ಯುಮಿರಾದ ಮುಖ್ಯ ಪೇಟೆಂಟ್ 2016ರಲ್ಲೇ ಮುಗಿಯಿತು. ಆದರೆ ಆಬ್‌ವೀ ಕಂಪನಿ ತಯಾರಿಸುವ ವಿಧಾನಕ್ಕೆ, ಪ್ರಮಾಣಕ್ಕೆ, ಮಿಶ್ರಣಕ್ಕೆ ಅಂತ 100ಕ್ಕೂ ಹೆಚ್ಚು ಪೇಟೆಂಟುಗಳ ಬೇಲಿ ಕಟ್ಟಿತ್ತು. ಯುರೋಪಿನಲ್ಲಿ 2018ರಲ್ಲಿ ಅಗ್ಗದ ಪರ್ಯಾಯ ಬಂದವು. ಅಮೆರಿಕದಲ್ಲಿ 2023ರವರೆಗೆ ಕಾಯಬೇಕಾಯಿತು. 2022 ಒಂದೇ ವರ್ಷ ಹ್ಯುಮಿರಾ ತಂದ ವರಮಾನ 2,100 ಕೋಟಿ ಡಾಲರ್‌ಗೂ ಹೆಚ್ಚು. ಹಳೇ ಔಷಧಕ್ಕೆ ಸಣ್ಣ ಬದಲಾವಣೆ ಮಾಡಿ ಹೊಸ ಪೇಟೆಂಟ್ ಕೇಳಿದರೆ ನಮ್ಮ ಸುಪ್ರೀಂ ಕೋರ್ಟ್ 2013ರಲ್ಲಿ ಗ್ಲಿವೆಕ್ ಎಂಬ ಕ್ಯಾನ್ಸರ್ ಔಷಧದ ಪ್ರಕರಣದಲ್ಲಿ ಆಗುವುದಿಲ್ಲ ಎಂದಿತ್ತು. ಅಮೆರಿಕದ ಪೇಟೆಂಟ್ ಕಚೇರಿ ಅಷ್ಟು ಬಿಗಿ ಇಲ್ಲ.

ಕೊನೆಗೂ 2023ರಲ್ಲಿ ಪರ್ಯಾಯಗಳು ಬಂದಾಗ ಏನಾಯಿತು? ಮೊದಲ ವರ್ಷ ಮುಗಿದರೂ ಮಾರುಕಟ್ಟೆಯ ಶೇ. 5 ಕೂಡ ಅವುಗಳಿಗೆ ದಕ್ಕಲಿಲ್ಲ. 2024ರ ಏಪ್ರಿಲ್‌ನಲ್ಲಿ ಸಿವಿಎಸ್ ಕೇರ್‌ಮಾರ್ಕ್ ತನ್ನ ಮುಖ್ಯ ಪಟ್ಟಿಗಳಿಂದ ಹ್ಯುಮಿರಾವನ್ನು ಕಿತ್ತುಹಾಕಿದ ಮೇಲೆ ಗಾಳಿ ತಿರುಗಿತು. ಅದರ ಜಾಗದಲ್ಲಿ ಮುಂದೆ ಮಾಡಿದ ಪರ್ಯಾಯ ಯಾವುದು ಅಂದುಕೊಂಡಿರಿ? ಸಿವಿಎಸ್‌ನದೇ ಅಂಗಸಂಸ್ಥೆ ಕಾರ್ಡೇವಿಸ್ ಹೆಸರಿನೊಂದಿಗೆ ಮಾರುವ ಹೈರಿಮೋಜ್. ಅಗ್ಗದ ಔಷಧ ಗೆದ್ದಿತು ಸರಿ, ದಲ್ಲಾಳಿಯ ಸ್ವಂತ ಸರಕಾದ ಮೇಲೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅಮೆರಿಕದಲ್ಲಿ ಎಲ್ಲ ಔಷಧವೂ ದುಬಾರಿ ಅಲ್ಲ. ರ‍್ಯಾಂಡ್ ಸಂಸ್ಥೆ 2022ರ ಅಂಕಿಗಳನ್ನು ಹಿಡಿದು ಇತರ ಶ್ರೀಮಂತ ದೇಶಗಳ ಜೊತೆ ಹೋಲಿಸಿತು. ಬ್ರ್ಯಾಂಡ್ ಔಷಧಗಳ ಘೋಷಿತ ಬೆಲೆ ಅಲ್ಲಿಗಿಂತ 4.22 ಪಟ್ಟು. ರಿಬೇಟ್ ಕಳೆದು ನೋಡಿದರೂ ಮೂರು ಪಟ್ಟಿಗಿಂತ ಜಾಸ್ತಿ. ಆದರೆ ಬ್ರ್ಯಾಂಡ್ ಇಲ್ಲದ ಜೆನೆರಿಕ್ ಔಷಧಗಳು ಅಲ್ಲಿಗಿಂತ ಅಗ್ಗ, ಶೇ. 67ರಷ್ಟು ಬೆಲೆ ಮಾತ್ರ. ಚೀಟಿಗಳಲ್ಲಿ ಸುಮಾರು ಶೇ. 90 ಈ ಜೆನೆರಿಕ್‌ಗಳೇ. ಹತ್ತು ಜನ ತಯಾರಕರು ಪೈಪೋಟಿಗೆ ಇಳಿದ ಕಡೆ ಅಮೆರಿಕದ ಮಾರುಕಟ್ಟೆ ಚೆನ್ನಾಗೇ ಕೆಲಸ ಮಾಡುತ್ತದೆ. ಒಬ್ಬನೇ ಮಾರುವವನಿದ್ದು, ಕೊಳ್ಳುವವರು ಚೂರುಚೂರಾದ ಕಡೆ ಮಾತ್ರ ಅದು ಕೈಚೆಲ್ಲುತ್ತದೆ.

ಸರ್ಕಾರ ಚೌಕಾಶಿಗೆ ಕೂತಾಗ

ಜರ್ಮನಿಯಲ್ಲಿ ಹೊಸ ಔಷಧಕ್ಕೆ ಮೊದಲ ಕೆಲವು ತಿಂಗಳು ಕಂಪನಿ ಹೇಳಿದ್ದೇ ಬೆಲೆ. ಆಮೇಲೆ, ಹಳೇ ಔಷಧಕ್ಕಿಂತ ಇದು ಎಷ್ಟು ಮೇಲು ಅಂತ ಪರೀಕ್ಷಿಸಿ ಚೌಕಾಶಿ. ಬ್ರಿಟನ್ನಿನಲ್ಲಿ ನೈಸ್ ಎಂಬ ಸಂಸ್ಥೆ ಔಷಧ ಕೊಡುವ ಆರೋಗ್ಯಕ್ಕೂ ಅದರ ಬೆಲೆಗೂ ತಾಳೆ ನೋಡುತ್ತದೆ, ತಾಳೆ ಆಗದಿದ್ದರೆ ಬೇಡ ಅನ್ನುತ್ತದೆ. ಅಮೆರಿಕದಲ್ಲಿ 2003ರಲ್ಲಿ ಮೆಡಿಕೇರ್‌ಗೆ ಔಷಧ ಸೌಲಭ್ಯ ಸೇರಿಸಿದಾಗ, ಸರ್ಕಾರ ಬೆಲೆ ಮಾತುಕತೆಯಲ್ಲಿ ತಲೆಹಾಕಬಾರದು ಅಂತ ಕಾನೂನಿನಲ್ಲೇ ಬರೆದರು. ಆ ಮಸೂದೆಯನ್ನು ಮುನ್ನಡೆಸಿದ ಸಂಸದರಲ್ಲಿ ಬಿಲ್ಲಿ ಟಾಜಿನ್ ಒಬ್ಬರು. 2005ರಲ್ಲಿ ಅವರು ಔಷಧ ಕಂಪನಿಗಳ ಒಕ್ಕೂಟ ಫಾರ್ಮಾದ ಮುಖ್ಯಸ್ಥರಾದರು. ಇದಕ್ಕೆ ನಾನು ಏನೂ ಸೇರಿಸುವುದಿಲ್ಲ.

ಆ ಬೀಗ ತೆಗೆಯಲು ಸುಮಾರು 19 ವರ್ಷ ಹಿಡಿಯಿತು. 2022ರ ಆಗಸ್ಟ್‌ನ ಕಾನೂನು ಮೆಡಿಕೇರ್‌ಗೆ ಕೆಲವು ಔಷಧಗಳ ಬೆಲೆ ಮಾತಾಡುವ ಅಧಿಕಾರ ಕೊಟ್ಟಿತು. ಮೆಡಿಕೇರ್‌ನವರಿಗೆ ಇನ್ಸುಲಿನ್ ತಿಂಗಳಿಗೆ 35 ಡಾಲರ್ ಮೀರಬಾರದು ಎಂದಿತು. 2025ರಲ್ಲಿ ಅವರು ಕೈಯಿಂದ ಕೊಡುವ ಔಷಧ ಖರ್ಚಿಗೆ ವರ್ಷಕ್ಕೆ 2,000 ಡಾಲರ್ ಮಿತಿ ಬಂತು. ಈ ಮಿತಿಗಳು ದೊಡ್ಡ ನೆಮ್ಮದಿ, ಅನುಮಾನ ಇಲ್ಲ. ಆದರೆ ಕೈಯಿಂದ ಕೊಡುವುದು ಕಮ್ಮಿ ಆದರೆ ಬೆಲೆ ಕಮ್ಮಿ ಆಯಿತು ಅಂತಲ್ಲ. ಉಳಿದದ್ದನ್ನು ವಿಮೆ ಕೊಡುತ್ತದೆ, ವಿಮೆಗೆ ಅದು ಪ್ರೀಮಿಯಂನಿಂದಲೋ ತೆರಿಗೆಯಿಂದಲೋ ಬರಬೇಕು. ಹಾಗಾಗಿ ನಾನು ಜಾಸ್ತಿ ತೂಕ ಕೊಡುವುದು ಚೌಕಾಶಿಯ ಅಧಿಕಾರಕ್ಕೆ. ಮೊದಲ ಹತ್ತು ಔಷಧಗಳ ಹೊಸ ದರ 2026ರ ಜನವರಿ 1ರಿಂದ ಜಾರಿಗೆ ಬಂತು. ಡಯಾಬಿಟಿಸ್ ಮಾತ್ರೆ ಜನುವಿಯಾದ ತಿಂಗಳ ಘೋಷಿತ ಬೆಲೆ 2023ರಲ್ಲಿ 527 ಡಾಲರ್ ಇತ್ತು. ಮೆಡಿಕೇರ್ ಚೌಕಾಶಿ ಮಾಡಿ ಇಳಿಸಿದ್ದು 113ಕ್ಕೆ. ಮಾತುಕತೆ ನಡೆದರೆ ಸಂಶೋಧನೆ ಸತ್ತೇಹೋಗುತ್ತದೆ ಅಂದವರು ಕೋರ್ಟಿಗೂ ಹೋದರು, ಒಪ್ಪಂದಕ್ಕೆ ಸಹಿಯನ್ನೂ ಹಾಕಿದರು.

ಟ್ರಂಪ್ ಸರ್ಕಾರ ಬೇರೆ ದಾರಿ ಹಿಡಿದಿದೆ. ಬೇರೆ ಶ್ರೀಮಂತ ದೇಶಗಳಿಗೆ ಕೊಡುವ ಅತಿ ಕಮ್ಮಿ ಬೆಲೆಯನ್ನೇ ನಮಗೂ ಕೊಡಿ ಅಂತ 2025ರ ಮೇ ತಿಂಗಳಲ್ಲಿ ಆದೇಶ ಬಂತು. ಸೆಪ್ಟೆಂಬರ್ ಕೊನೆಗೆ ಫೈಜರ್ ಜೊತೆ ಮೊದಲ ಒಪ್ಪಂದ. ಕೇಳಲಿಕ್ಕೆ ಚೆಂದ. ಆದರೆ ಒಪ್ಪಂದಗಳ ಪೂರ್ತಿ ಷರತ್ತು ಹೊರಗೆ ಬಂದಿಲ್ಲ. ಕಂಪನಿಗಳು ಹೊರದೇಶದಲ್ಲಿ ಘೋಷಿತ ಬೆಲೆಯನ್ನೇ ಏರಿಸಿ, ಗುಟ್ಟಾಗಿ ರಿಯಾಯಿತಿ ಕೊಟ್ಟರೆ ಹೋಲಿಕೆಗೆ ಅರ್ಥ ಉಳಿಯುವುದಿಲ್ಲ. ಈ ಉದ್ಯಮಕ್ಕೆ ಎರಡು ಬೆಲೆ ಇಡುವುದು ಎಷ್ಟು ಸಲೀಸು ಅಂತ ಆಮ್ಜೆವಿಟಾದಲ್ಲೇ ನೋಡಿದೆವಲ್ಲ.

ಈಗ ಎದ್ದು ಕಾಣುವ ಇನ್ನೊಂದು ಬೆಳವಣಿಗೆ ನೇರ ಮಾರಾಟ. ಉದ್ಯಮಿ ಮಾರ್ಕ್ ಕ್ಯೂಬನ್ 2022ರಲ್ಲಿ ಶುರು ಮಾಡಿದ ಆನ್‌ಲೈನ್ ಔಷಧದಂಗಡಿ ಕೊಂಡ ಬೆಲೆಯ ಮೇಲೆ ಶೇ. 15 ಮತ್ತು ಒಂದು ಸಣ್ಣ ಶುಲ್ಕ ಅಂತ ಬಹಿರಂಗವಾಗಿ ಬರೆದುಕೊಂಡು ಜೆನೆರಿಕ್ ಮಾರುತ್ತದೆ. ಈಗ ದೊಡ್ಡ ಕಂಪನಿಗಳೂ ಮಧ್ಯವರ್ತಿಯನ್ನು ಬಿಟ್ಟು ರೋಗಿಗೇ ಮಾರಲು ಬಂದಿವೆ. ಇದರಲ್ಲಿ ಲಾಭವೂ ಇದೆ, ಅಪಾಯವೂ ಇದೆ. ನೇರವಾಗಿ ಕೊಟ್ಟ ದುಡ್ಡು ಸಾಮಾನ್ಯವಾಗಿ ಡಿಡಕ್ಟಿಬಲ್ ಲೆಕ್ಕಕ್ಕೆ ಬರುವುದಿಲ್ಲ. ತಿಂಗಳಿಗೆ ನೂರಾರು ಡಾಲರ್ ಕೈಯಿಂದ ಹಾಕಬಲ್ಲವರಿಗೆ ಮಾತ್ರ ಇದು ದಾರಿ. ಪ್ರೀಮಿಯಂ ಕಟ್ಟಿಯೂ ವಿಮೆ ಬಿಟ್ಟು ಕೊಳ್ಳುವುದೇ ಅಗ್ಗ ಅಂದರೆ, ಪ್ರೀಮಿಯಂ ಕಟ್ಟಿದ್ದು ಯಾಕೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಎಲಿಕ್ವಿಸ್ ಎಂಬ ಮಾತ್ರೆಯನ್ನು ನೋಡಿ. ರಕ್ತ ಹೆಪ್ಪುಗಟ್ಟದಂತೆ ಲಕ್ಷಾಂತರ ಜನ ದಿನವೂ ನುಂಗುವ ಮಾತ್ರೆ. 2025ರಲ್ಲಿ ತಿಂಗಳಿಗೆ ಘೋಷಿತ ಬೆಲೆ 606 ಡಾಲರ್. ಅದೇ ವರ್ಷ ಬ್ರಿಸ್ಟಲ್ ಮೈಯರ್ಸ್ ಮತ್ತು ಫೈಜರ್ ಅದನ್ನು ನೇರ ದುಡ್ಡಿಗೆ 346ಕ್ಕೆ ಮಾರಲು ಶುರು ಮಾಡಿದವು. ಮೆಡಿಕೇರ್ ಚೌಕಾಶಿ ಮಾಡಿ ಪಡೆದದ್ದು 231ಕ್ಕೆ. ಆ ದರ ಮೆಡಿಕೇರ್ ಇದ್ದವರಿಗೆ ಮಾತ್ರ, ಕೆಲಸದ ವಿಮೆ ಇರುವ ಐವತ್ತರ ಹರೆಯದವರಿಗೆ ಅದು ಸಿಗುವುದಿಲ್ಲ. ಇದರ ಜೆನೆರಿಕ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರ್‌ನಲ್ಲೇ ಒಪ್ಪಿಗೆ ಕೊಟ್ಟಾಗಿದೆ. ಕೆನಡಾದ ಅಂಗಡಿಗಳಲ್ಲಿ ಜೆನೆರಿಕ್ ಈಗಾಗಲೇ ಸಿಗುತ್ತಿದೆ. ಪೇಟೆಂಟ್ ವ್ಯಾಜ್ಯ, ರಾಜಿಗಳ ಪ್ರಕಾರ ಅಮೆರಿಕದ ಅಂಗಡಿಗೆ ಅದು ಬರುವುದು 2028ರ ಏಪ್ರಿಲ್ 1ಕ್ಕೆ.